ಠಾಣೆಯ ಕಾಗದ ಓದಬಲ್ಲ ವಕೀಲರು: ಪೊಲೀಸ್ ಹೊಣೆಗಾರಿಕೆ ಮತ್ತು ನಮ್ಮ ಕಾನೂನು ಶಿಕ್ಷಣ

ನಿಮ್ಮಲ್ಲಿ ಅಂತಿಮ ವರ್ಷದ ಯಾವ ವಿದ್ಯಾರ್ಥಿಯನ್ನು ಎಬ್ಬಿಸಿ ಕೇಳಿದರೂ ಡಿ.ಕೆ. ಬಸು ಪ್ರಕರಣದಲ್ಲಿ ಸುಪ್ರೀಂ ಕೋರ್ಟು ದಸ್ತಗಿರಿಯ ಬಗ್ಗೆ ಕೊಟ್ಟ ಹನ್ನೊಂದು ಸೂಚನೆಗಳಲ್ಲಿ ಏಳೆಂಟನ್ನಾದರೂ ತಡವರಿಸದೆ ಹೇಳುತ್ತೀರಿ. 1996ರ ಡಿಸೆಂಬರ್ 18ರ ಆ ತೀರ್ಪು ಪಠ್ಯದಲ್ಲಿದೆ, ಪ್ರಶ್ನೆಪತ್ರಿಕೆಯಲ್ಲಿ ಮತ್ತೆ ಮತ್ತೆ ಬರುತ್ತದೆ, ಅಣಕು ನ್ಯಾಯಾಲಯದ ವಾದಗಳಲ್ಲಿ ಅದನ್ನು ಉಲ್ಲೇಖಿಸದವರಿಲ್ಲ. ಆದರೆ ಭರ್ತಿ ಮಾಡಿದ ಒಂದು ದಸ್ತಗಿರಿ ಮೆಮೊವನ್ನು, ಅಂದರೆ ಯಾರನ್ನು ಯಾವಾಗ ಎಲ್ಲಿ ಹಿಡಿದರು ಎಂದು ಪೊಲೀಸರು ಬರೆಯುವ ಕಾಗದವನ್ನು, ಕೈಗಿಟ್ಟು, ಇದರಲ್ಲಿ ಏನು ಬಿಟ್ಟುಹೋಗಿದೆ, ಏನು ಹೊಂದುತ್ತಿಲ್ಲ, ಹತ್ತು ನಿಮಿಷದಲ್ಲಿ ಹೇಳಿ ಎಂದರೆ ತರಗತಿ ಸುಮ್ಮನಾಗುತ್ತದೆ. ಐದು ವರ್ಷ ಓದಿದವರು ಒಂದು ದಸ್ತಗಿರಿ ಮೆಮೊವನ್ನೂ ಕಣ್ಣಾರೆ ಕಾಣದೆ ವಕೀಲಿಕೆಯ ಸನ್ನದು ಪಡೆಯುವುದು ನಮ್ಮಲ್ಲಿ ಸಾಮಾನ್ಯ ಸಂಗತಿ. ಪೊಲೀಸರ ಅಧಿಕಾರ ದುರ್ಬಳಕೆಯನ್ನು ಪ್ರಶ್ನಿಸುವ ವಕೀಲರನ್ನು ತಯಾರು ಮಾಡಬೇಕೆಂದರೆ, ತೀರ್ಪುಗಳ ಓದಿನ ಜೊತೆಗೆ ದಾಖಲೆಗಳ ಓದನ್ನೂ ಅಷ್ಟೇ ಶ್ರದ್ಧೆಯಿಂದ ಕಲಿಸಬೇಕು. ಇಂದು ನಾನು ಮಂಡಿಸಲು ಬಯಸುವ ವಿಚಾರ ಇದೊಂದೇ.

ಹೀಗೆ ಹೇಳುವುದಕ್ಕೆ ಆಧಾರ ನಾವು ಓದುವ ತೀರ್ಪುಗಳಲ್ಲಿಯೇ ಇದೆ. ನೀಲಾಬತಿ ಬೆಹೆರಾ ಪ್ರಕರಣವನ್ನು ಪರಿಹಾರದ ಹಕ್ಕಿನ ಅಧ್ಯಾಯದಲ್ಲಿ ಓದಿ ಮುಗಿಸುತ್ತೇವೆ. ಒಡಿಶಾದ ಸುಂದರಗಢ ಜಿಲ್ಲೆಯಲ್ಲಿ 1987ರ ಡಿಸೆಂಬರ್ 1ರಂದು ಇಪ್ಪತ್ತೆರಡರ ಯುವಕನೊಬ್ಬನನ್ನು ಪೊಲೀಸರು ಹೊರಠಾಣೆಗೆ ಕರೆದೊಯ್ದರು. ಮರುದಿನ ಅವನ ಶವ ರೈಲು ಹಳಿಯ ಮೇಲೆ ಸಿಕ್ಕಿತು. ಅವನ ತಾಯಿ ಸುಪ್ರೀಂ ಕೋರ್ಟಿಗೆ ಪತ್ರ ಬರೆದರು, ಆ ಪತ್ರವನ್ನೇ ರಿಟ್ ಅರ್ಜಿಯಾಗಿ ಪರಿಗಣಿಸಿ 1993ರಲ್ಲಿ 1,50,000 ರೂಪಾಯಿ ಪರಿಹಾರಕ್ಕೆ ಆದೇಶವಾಯಿತು. ಇಷ್ಟು ನಿಮಗೆ ಗೊತ್ತು. ಆದರೆ ನ್ಯಾಯಾಲಯ ಪೊಲೀಸರ ಮಾತನ್ನು ಒಪ್ಪದೆ ಹೋದದ್ದು ಹೇಗೆ? ರಾತ್ರಿ ಅವನು ತಪ್ಪಿಸಿಕೊಂಡು ಓಡಿಹೋದ, ರೈಲಿಗೆ ಸಿಕ್ಕಿ ಸತ್ತ ಎಂಬುದು ಅವರ ವಾದವಾಗಿತ್ತು. ಹಾಗಾದರೆ ಓಡಿಹೋದವನನ್ನು ಹುಡುಕಿದ್ದಕ್ಕೆ ನಂಬಲರ್ಹ ಸಾಕ್ಷ್ಯ ಎಲ್ಲಿದೆ ಎಂದು ನ್ಯಾಯಾಲಯ ನೋಡಿತು, ಅದು ಇರಲಿಲ್ಲ. ಹಳಿಯ ಮೇಲೆ ಶವವಿದೆ ಎಂದು ರೈಲ್ವೆ ನೌಕರರು ಬೆಳಿಗ್ಗೆಯೇ ತಿಳಿಸಿದ್ದರೂ ಪೊಲೀಸರು ಬಹಳ ತಡವಾಗಿ ಅಲ್ಲಿಗೆ ಹೋಗಿದ್ದರು. ಮೈಮೇಲಿನ ಗಾಯಗಳು ಲಾಠಿಯಂಥ ಮೊಂಡು ಆಯುಧದಿಂದ ಆಗಿರಬಹುದಾದವು ಎಂದು ಮರಣೋತ್ತರ ಪರೀಕ್ಷೆ ಮಾಡಿದ ವೈದ್ಯರು ಹೇಳಿದರು. ಮಾನವ ಹಕ್ಕುಗಳ ದೊಡ್ಡ ತತ್ವವೊಂದು ನಿಂತಿರುವುದು ವೇಳೆ, ಗಾಯ, ಇರಬೇಕಾಗಿದ್ದು ಇಲ್ಲದ ಸಾಕ್ಷ್ಯ ಎಂಬ ಮೂರು ಸಣ್ಣ ಸಂಗತಿಗಳ ಮೇಲೆ. ತತ್ವವನ್ನು ಮಾತ್ರ ಓದಿ ಈ ಮೂರನ್ನು ಬಿಟ್ಟ ವಿದ್ಯಾರ್ಥಿ, ಮುಂದೆ ಇಂಥದೇ ತಾಯಿಯೊಬ್ಬಳು ಎದುರಿಗೆ ಬಂದು ಕೂತಾಗ ಏನು ಕೇಳಬೇಕೆಂದು ತಿಳಿಯದೆ ಕಂಗಾಲಾಗುತ್ತಾನೆ.

ಠಾಣೆಯಲ್ಲಿ ಇರುವ ದಾಖಲೆಗಳು ಯಾವುವು? ಪ್ರಥಮ ವರ್ತಮಾನ ವರದಿ, ಅಂದರೆ ಎಫ್‌ಐಆರ್, ಎಲ್ಲರಿಗೂ ಗೊತ್ತು. ಅದರ ಹಿಂದೆ ಠಾಣಾ ದಿನಚರಿ ಇದೆ, ತನಿಖಾಧಿಕಾರಿಯ ಕೇಸ್ ಡೈರಿ ಇದೆ, ಗಂಭೀರವಲ್ಲದ (ಅಸಂಜ್ಞೇಯ) ದೂರುಗಳಿಗೆ ಎನ್‌ಸಿಆರ್ ಎಂಬ ವರದಿ ಇದೆ, ‘ಅರ್ಜಿ ವಿಚಾರಣೆ’ ಎಂದು ತೆಗೆದುಕೊಂಡು ಕೊನೆಗೆ ಕೊಡುವ ಹಿಂಬರಹ ಇದೆ, ಸ್ಥಳ ಮಹಜರು, ಜಪ್ತಿ ಮಹಜರು, ಆರೋಪಿ ತಾನಾಗಿಯೇ ಕೊಟ್ಟನೆನ್ನುವ ‘ಸ್ವ-ಇಚ್ಛಾ ಹೇಳಿಕೆ’, ದಸ್ತಗಿರಿ ಮೆಮೊ, ಆರೋಪಿಯನ್ನು ಕಸ್ಟಡಿಯಲ್ಲಿಡಲು ನ್ಯಾಯಾಲಯವನ್ನು ಕೇಳುವ ರಿಮಾಂಡ್ ಅರ್ಜಿ ಇವೆ. ಹೊರಗೆ ಆಸ್ಪತ್ರೆಯ ಎಂಎಲ್‌ಸಿ (ವೈದ್ಯಕೀಯ-ಕಾನೂನು ಪ್ರಕರಣ) ದಾಖಲೆ, ಗಾಯದ ಪ್ರಮಾಣಪತ್ರ, ನ್ಯಾಯಾಲಯದ ಆರ್ಡರ್ ಶೀಟ್ ಇವೆ. ಇವುಗಳಲ್ಲಿ ಒಂದೊಂದನ್ನೂ ಬೇರೆ ಬೇರೆ ವ್ಯಕ್ತಿ, ಬೇರೆ ಬೇರೆ ಹೊತ್ತಿನಲ್ಲಿ, ತನ್ನ ಕೆಲಸದ ಅಗತ್ಯಕ್ಕೆ ಬರೆಯುತ್ತಾನೆ. ಒಂದು ದಾಖಲೆಯನ್ನು ತಿದ್ದುವುದು ಸುಲಭ; ಎಲ್ಲವನ್ನೂ ಒಂದಕ್ಕೊಂದು ಹೊಂದುವಂತೆ ತಿದ್ದುವುದು ಬಹಳ ಕಷ್ಟ. ಆದ್ದರಿಂದ ಕಲಿಸಬೇಕಾದ ಮುಖ್ಯ ಕೌಶಲ ಇವನ್ನು ಪಕ್ಕಪಕ್ಕದಲ್ಲಿಟ್ಟು ಓದುವುದು.

ನಾನು ತರಗತಿಗೆ ತಯಾರಿಸಿಕೊಂಡ ಒಂದು ಅಭ್ಯಾಸದ ಕಡತವನ್ನು ನಿಮ್ಮ ಮುಂದಿಡುತ್ತೇನೆ. ಇದು ಕಲಿಕೆಗಾಗಿ ರಚಿಸಿದ್ದು, ಯಾರದೇ ನಿಜ ಪ್ರಕರಣವಲ್ಲ. ಕಳ್ಳತನದ ಆರೋಪ. ದಸ್ತಗಿರಿ ಮೆಮೊ ಪ್ರಕಾರ ಯುವಕನನ್ನು 14ನೇ ತಾರೀಖು ಸಂಜೆ 6.30ಕ್ಕೆ ಬಸ್ ನಿಲ್ದಾಣದ ಹತ್ತಿರ ಹಿಡಿಯಲಾಗಿದೆ. ಸಾಕ್ಷಿಯಾಗಿ ಸಹಿ ಹಾಕಿದವನು ಠಾಣೆಯ ಎದುರಿನ ಅಂಗಡಿಯವನು. ಅದೇ ಹೆಸರು ಎರಡು ಮಹಜರುಗಳಲ್ಲೂ ಇದೆ. ಸ್ವ-ಇಚ್ಛಾ ಹೇಳಿಕೆ ಸಂಜೆ 7ಕ್ಕೆ ಶುರುವಾಗಿ 7.40ಕ್ಕೆ ಮುಗಿದಿದೆ. ಜಪ್ತಿ ಮಹಜರು ಹನ್ನೆರಡು ಕಿಲೋಮೀಟರ್ ದೂರದ ಹಳ್ಳಿಯಲ್ಲಿ, ಆರೋಪಿಯ ಸಮಕ್ಷಮ, 7.15ಕ್ಕೆ ಶುರುವಾಗಿದೆ. ತಾಲ್ಲೂಕು ಆಸ್ಪತ್ರೆಯ ಹೊರರೋಗಿ ಚೀಟಿಯಲ್ಲಿ 14ನೇ ತಾರೀಖಿನ ಮಧ್ಯಾಹ್ನ 4.10 ಎಂದಿದೆ, ಕಾನ್‌ಸ್ಟೇಬಲ್ ಕರೆತಂದಿದ್ದಾರೆ ಎಂಬ ಷರಾ ಇದೆ. ತಾಯಿಯ ಮೊಬೈಲ್‌ನಲ್ಲಿ 13ರ ರಾತ್ರಿ 10.50ಕ್ಕೆ ಬೀಟ್ ಪೊಲೀಸರಿಗೆ ಮಾಡಿದ ಕರೆಯ ದಾಖಲೆ ಇದೆ. ಮಗನನ್ನು ಎಲ್ಲಿಗೆ ಕರೆದುಕೊಂಡು ಹೋದಿರಿ ಎಂದು ಕೇಳಲು ಆ ಕರೆ ಮಾಡಿದ್ದೆ ಎನ್ನುತ್ತಾಳೆ ತಾಯಿ. ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಿದ್ದು 15ರ ಸಂಜೆ 5.40ಕ್ಕೆ.

ವಿದ್ಯಾರ್ಥಿಗಳು ಕಾಗದದ ಎಡಬದಿಗೆ ವೇಳೆ, ನಡುವೆ ಘಟನೆ, ಬಲಬದಿಗೆ ಅದನ್ನು ಹೇಳುವ ದಾಖಲೆ ಎಂದು ಮೂರು ಕಲಂ ಎಳೆದು ಕೂರುತ್ತಾರೆ. ದಸ್ತಗಿರಿ ಮೆಮೊವನ್ನು ನಂಬಿದರೆ ಇಪ್ಪತ್ನಾಲ್ಕು ಗಂಟೆಯೊಳಗೆ ಹಾಜರುಪಡಿಸಿದಂತಾಯಿತು. ಸಂವಿಧಾನದ 22(2)ನೇ ವಿಧಿಯೂ ಪಾಲನೆಯಾಯಿತು, ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಜಾಗಕ್ಕೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 58ನೇ ಪ್ರಕರಣವೂ (ಸೆಕ್ಷನ್) ಪಾಲನೆಯಾಯಿತು. ಆಸ್ಪತ್ರೆ ಚೀಟಿಯಿಂದ ಎಣಿಸಿದರೆ ಇಪ್ಪತ್ತೈದೂವರೆ ಗಂಟೆ ಆಗುತ್ತದೆ. ತಾಯಿಯ ಕರೆಯಿಂದ ಎಣಿಸಿದರೆ ನಲವತ್ತೆರಡು ಗಂಟೆ ಐವತ್ತು ನಿಮಿಷ. ಅತ್ತ ಹೇಳಿಕೆ ಬರೆಸುತ್ತಿರುವಾಗಲೇ ಆರೋಪಿ ಹನ್ನೆರಡು ಕಿಲೋಮೀಟರ್ ಆಚೆ ಮಾಲು ತೋರಿಸುತ್ತಿದ್ದಾನೆ. ಇದನ್ನು ತಾವಾಗಿಯೇ ಕಂಡುಹಿಡಿದ ವಿದ್ಯಾರ್ಥಿಗಳ ಮುಖದಲ್ಲಿ ಮೂಡುವ ಉತ್ಸಾಹವನ್ನು ಯಾವ ಉಪನ್ಯಾಸವೂ ತರಲಾರದು.

ಆದರೆ ಅಭ್ಯಾಸದ ಕಠಿಣ ಭಾಗ ಅಲ್ಲಿಂದ ಶುರುವಾಗುತ್ತದೆ. ಪ್ರತಿಯೊಂದು ವ್ಯತ್ಯಾಸಕ್ಕೂ ದುರುದ್ದೇಶವಿಲ್ಲದ ವಿವರಣೆ ಏನಿರಬಹುದು ಎಂದು ಅದೇ ವಿದ್ಯಾರ್ಥಿ ಬರೆಯಬೇಕು. ಆಸ್ಪತ್ರೆಯ ಗುಮಾಸ್ತರು 6.10 ಎಂದು ಬರೆಯಬೇಕಾದಲ್ಲಿ 4.10 ಎಂದು ಬರೆದಿರಬಹುದೇ? ಹಾಗಿದ್ದರೂ ಅದು 6.30ರ ದಸ್ತಗಿರಿಗಿಂತ ಮುಂಚೆಯೇ ಆಯಿತಲ್ಲ! ಮಹಜರಿನ ವೇಳೆಯನ್ನು ಠಾಣೆಗೆ ಮರಳಿದ ಮೇಲೆ ಅಂದಾಜಿನಲ್ಲಿ ತುಂಬಿದ್ದಾರೆಯೇ? ತಾಯಿ ಆ ರಾತ್ರಿ ಬೇರೆ ಕಾರಣಕ್ಕೆ ಕರೆ ಮಾಡಿರಬಹುದೇ? ಉತ್ತರಗಳು ಸಿಗದೆ ಹೋಗಬಹುದು, ಆದರೆ ಪ್ರಶ್ನೆಗಳನ್ನು ತಮಗೆ ತಾವೇ ಹಾಕಿಕೊಳ್ಳದ ವಿದ್ಯಾರ್ಥಿ ದೂರಿನಲ್ಲಿ ಅತಿಶಯೋಕ್ತಿ ಬರೆಯುತ್ತಾನೆ. ಮುಂದೆ ಪಾಟೀಸವಾಲಿನಲ್ಲಿ ಆ ಒಂದು ಅತಿಶಯೋಕ್ತಿ ಇಡೀ ದೂರನ್ನು ಮುಳುಗಿಸುತ್ತದೆ. ಪೊಲೀಸರ ಮೇಲಿನ ದೂರುಗಳಲ್ಲಿ ದೂರುದಾರನ ಪ್ರತಿಯೊಂದು ಮಾತನ್ನೂ ಬೇರೆಲ್ಲ ದೂರುಗಳಿಗಿಂತ ಹೆಚ್ಚು ಸಂಶಯದಿಂದ ನೋಡುತ್ತಾರೆ ಎಂಬುದು ವೃತ್ತಿಯಲ್ಲಿರುವ ಎಲ್ಲರ ಅನುಭವ.

ವೈದ್ಯಕೀಯ ದಾಖಲೆಯ ಬಗ್ಗೆ ಒಂದು ಮಾತು ಹೇಳಲೇಬೇಕು. ದಸ್ತಗಿರಿಯಾದವರ ವೈದ್ಯಕೀಯ ಪರೀಕ್ಷೆಯನ್ನು ಸುರಕ್ಷಾ ಸಂಹಿತೆಯ 53ನೇ ಪ್ರಕರಣ ಕಡ್ಡಾಯ ಮಾಡಿದೆ. ಮೈಮೇಲೆ ಗಾಯ ಅಥವಾ ಹಿಂಸೆಯ ಗುರುತುಗಳಿದ್ದರೆ ವೈದ್ಯರು ಬರೆಯಬೇಕು, ಅವು ಸುಮಾರು ಯಾವ ಹೊತ್ತಿನಲ್ಲಿ ಆಗಿರಬಹುದು ಎಂಬುದನ್ನೂ ಬರೆಯಬೇಕು. ಅದರ ಪ್ರತಿಯನ್ನು ದಸ್ತಗಿರಿಯಾದ ವ್ಯಕ್ತಿಗೆ ಅಥವಾ ಅವರು ಸೂಚಿಸಿದವರಿಗೆ ಕೊಡಬೇಕು. ಈ ಕೊನೆಯ ಮಾತು ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 54ನೇ ಪ್ರಕರಣದಲ್ಲೂ ಇತ್ತು. ಆದರೂ ಪ್ರತಿ ಕೇಳಿ ಪಡೆಯುವ ಅಭ್ಯಾಸ ನಮ್ಮ ತಾಲ್ಲೂಕು ನ್ಯಾಯಾಲಯಗಳಲ್ಲಿ ಬೆಳೆಯಲೇ ಇಲ್ಲ. ಕಾನೂನು ನೆರವು ಕೇಂದ್ರದ ವಿದ್ಯಾರ್ಥಿಗಳು ಕುಟುಂಬದವರಿಗೆ ಒಂದು ಪುಟದ ಕೋರಿಕೆ ಬರೆದುಕೊಟ್ಟರೆ ಸಾಕು, ಈ ಪ್ರತಿಯನ್ನು ಕೇಳಬಹುದು. ಇದಕ್ಕೆ ಸನ್ನದು ಬೇಕಿಲ್ಲ.

ಇಲ್ಲಿ ನಮ್ಮ ತಾಲ್ಲೂಕು ಮತ್ತು ಜಿಲ್ಲಾ ಕೇಂದ್ರಗಳ ಕಾನೂನು ಕಾಲೇಜುಗಳಿಗೆ ಇರುವ ಒಂದು ಅನುಕೂಲವನ್ನು ಗಟ್ಟಿಯಾಗಿ ಹೇಳಬೇಕೆನಿಸುತ್ತದೆ. ಮಾನವ ಹಕ್ಕುಗಳ ಕೆಲಸವೆಂದರೆ ದೊಡ್ಡ ನಗರದ, ಇಂಗ್ಲಿಷಿನಲ್ಲಿ ಚೆನ್ನಾಗಿ ವಾದಿಸಬಲ್ಲ ವಿದ್ಯಾರ್ಥಿಗಳ ಕೆಲಸ ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಕರ್ನಾಟಕದ ಠಾಣೆಗಳ ಕಾಗದವೆಲ್ಲ ಕನ್ನಡದಲ್ಲಿದೆ. ಅದೂ ಅವಸರದ ಕೈಬರಹದ, ಸಂಕ್ಷೇಪಗಳಿಂದ ತುಂಬಿದ, ಪೂರ್ಣವಿರಾಮವೇ ಕಾಣದ ಪುಟಗಟ್ಟಲೆ ಕನ್ನಡದಲ್ಲಿ. ಠಾಣೆಯ ರೈಟರ್ ಬರೆದ ಹೇಳಿಕೆಯ ಧಾಟಿ ಯಾವುದು, ಹೇಳಿದವರ ಮಾತಿನ ಧಾಟಿ ಯಾವುದು ಎಂದು ಗುರುತಿಸಬಲ್ಲವರು ಅದೇ ಸೀಮೆಯ ಮಕ್ಕಳು. ಕಲಬುರಗಿ ಕಡೆಯ ಕೂಲಿ ಕಾರ್ಮಿಕನ ಹೇಳಿಕೆಯಲ್ಲಿ ಅವನು ಜನ್ಮದಲ್ಲಿ ಆಡದ ಕಚೇರಿ ಕನ್ನಡದ ಪದಗಳು ತುಂಬಿದ್ದರೆ ಅದು ಅಲ್ಲಿಯ ವಿದ್ಯಾರ್ಥಿಯ ಕಣ್ಣಿಗೆ ಮೊದಲ ಓದಿನಲ್ಲೇ ಬೀಳುತ್ತದೆ. ರಾಜ್ಯದ ಸಣ್ಣ ಊರುಗಳ ವಿದ್ಯಾರ್ಥಿಗಳು ಈ ಕೆಲಸದಲ್ಲಿ ಯಾರಿಗೂ ಕಡಿಮೆಯಿಲ್ಲ. ಕೆಲವು ವಿಷಯಗಳಲ್ಲಿ ಮುಂದೆಯೇ ಇದ್ದಾರೆ.

ಹಾಗಾದರೆ ಇದಕ್ಕೆಲ್ಲ ವೇಳಾಪಟ್ಟಿಯಲ್ಲಿ ಜಾಗ ಎಲ್ಲಿದೆ ಎಂದು ಅಧ್ಯಾಪಕ ಮಿತ್ರರು ಕೇಳುತ್ತಾರೆ. ಹೊಸ ವಿಷಯವನ್ನು ಸೇರಿಸಬೇಕಿಲ್ಲ. ಭಾರತೀಯ ವಕೀಲರ ಪರಿಷತ್ತಿನ 2008ರ ಕಾನೂನು ಶಿಕ್ಷಣ ನಿಯಮಗಳಲ್ಲಿ ನಾಲ್ಕು ಪ್ರಾಯೋಗಿಕ ವಿಷಯಗಳು ಕಡ್ಡಾಯ. ಅವುಗಳಲ್ಲಿ ಒಂದು ಅಣಕು ನ್ಯಾಯಾಲಯ, ವಿಚಾರಣೆಯ ವೀಕ್ಷಣೆ, ಕಕ್ಷಿದಾರರ ಸಂದರ್ಶನ, ಇಂಟರ್ನ್‌ಶಿಪ್ ಡೈರಿ ಇವನ್ನು ಒಳಗೊಂಡ ವಿಷಯ. ಪ್ರತಿ ಕಾಲೇಜೂ ಹಿರಿಯ ಅಧ್ಯಾಪಕರ ಮೇಲ್ವಿಚಾರಣೆಯಲ್ಲಿ ಕಾನೂನು ನೆರವು ಕೇಂದ್ರ ನಡೆಸಬೇಕು ಎಂಬುದೂ ಅಲ್ಲಿಯೇ ಇದೆ. ಈಗ ವೀಕ್ಷಣೆ ಎಂದರೆ ವಿದ್ಯಾರ್ಥಿಗಳು ಬೆಳಿಗ್ಗೆ ಹನ್ನೊಂದಕ್ಕೆ ಸಿವಿಲ್ ದಾವೆಯೊಂದರ ಪಾಟೀಸವಾಲು ನೋಡಿ ಬಂದು ಡೈರಿ ತುಂಬುತ್ತಾರೆ, ಹಲವೊಮ್ಮೆ ಹಿಂದಿನ ವರ್ಷದವರ ಡೈರಿಯನ್ನೇ ನಕಲು ಮಾಡುತ್ತಾರೆ. ಅದೇ ಅಂಕಗಳಿಗೆ ಅವರನ್ನು ರಿಮಾಂಡ್ ಹೊತ್ತಿನಲ್ಲಿ ಮ್ಯಾಜಿಸ್ಟ್ರೇಟ್ ನ್ಯಾಯಾಲಯದಲ್ಲಿ ಕೂರಿಸಿ.

ರಿಮಾಂಡ್ ಸಾಮಾನ್ಯವಾಗಿ ಎಲ್ಲರೂ ಮನೆಗೆ ಹೊರಡುವ ಹೊತ್ತಿಗೆ ನಡೆಯುತ್ತದೆ. ಆರೋಪಿ ಕಟಕಟೆಯ ಬಳಿ ಎಷ್ಟು ಹೊತ್ತು ನಿಂತ? ಪೊಲೀಸರು ಅವನ ಮಗ್ಗುಲಲ್ಲೇ ಇದ್ದರೇ, ದೂರ ಸರಿದರೇ? ಪೊಲೀಸರಿಂದ ಏನಾದರೂ ತೊಂದರೆಯಾಗಿದೆಯೇ ಎಂದು ಕೇಳಲಾಯಿತೇ, ಅವನಿಗೆ ತಿಳಿಯುವ ಭಾಷೆಯಲ್ಲಿ ಕೇಳಲಾಯಿತೇ? ದಸ್ತಗಿರಿಯ ಕಾರಣವನ್ನು ಅವನಿಗೆ ತಿಳಿಸಿದ ಕಾಗದ ಕಡತದಲ್ಲಿತ್ತೇ? ಏಳು ವರ್ಷದವರೆಗಿನ ಶಿಕ್ಷೆಯ ಅಪರಾಧವಾಗಿದ್ದರೆ, 2014ರ ಅರ್ನೇಶ್ ಕುಮಾರ್ ತೀರ್ಪು ಹೇಳಿದಂತೆ ದಸ್ತಗಿರಿ ಏಕೆ ಅಗತ್ಯವಾಯಿತು ಎಂಬ ಕಾರಣಗಳ ಪಟ್ಟಿ ಜೊತೆಗಿತ್ತೇ? ಕಾನೂನು ಸೇವಾ ಪ್ರಾಧಿಕಾರದ ರಿಮಾಂಡ್ ವಕೀಲರು ಅವನೊಡನೆ ಮಾತಾಡಿದರೇ? ದಸ್ತಗಿರಿಗೆ ಮುಂಚೆ, ದಸ್ತಗಿರಿಯ ಹೊತ್ತಿನಲ್ಲಿ ಮತ್ತು ರಿಮಾಂಡ್ ಹಂತದಲ್ಲಿ ಕಾನೂನು ನೆರವು ಒದಗಿಸಲು ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರ 2019ರಲ್ಲಿ ಒಂದು ಚೌಕಟ್ಟನ್ನೇ ಹೊರತಂದಿದೆ. ಜಿಲ್ಲಾ ಪ್ರಾಧಿಕಾರದ ಸದಸ್ಯ ಕಾರ್ಯದರ್ಶಿಯವರನ್ನು ಕಂಡು ಮಾತಾಡಿದರೆ ವಿದ್ಯಾರ್ಥಿಗಳನ್ನು ಅರೆಕಾನೂನು ಸ್ವಯಂಸೇವಕರಾಗಿ ಇದರೊಳಗೆ ತೊಡಗಿಸಲು ದಾರಿಯಿದೆ. ಒಂದು ಸೆಮಿಸ್ಟರ್ ಪೂರ್ತಿ ರಿಮಾಂಡ್ ನೋಡಿದ ವಿದ್ಯಾರ್ಥಿ, ದಸ್ತಗಿರಿ ಕುರಿತ ಕಾನೂನು ಎಲ್ಲಿ ಜೀವಂತವಾಗಿದೆ, ಎಲ್ಲಿ ಬರೀ ಮುದ್ರಿತ ನಮೂನೆಯಾಗಿ ಉಳಿದಿದೆ ಎಂಬುದನ್ನು ತಾನೇ ಅರಿತುಕೊಳ್ಳುತ್ತಾನೆ.

ಸ್ವಲ್ಪ ದೂರದ ಉದಾಹರಣೆಯೊಂದನ್ನು ಹೇಳಿ ಮರಳಿ ಬರುತ್ತೇನೆ. ಅಮೆರಿಕದ ಶಿಕಾಗೊ ವಿಶ್ವವಿದ್ಯಾಲಯದ ಕಾನೂನು ಶಾಲೆಯಲ್ಲಿ ಕ್ರೇಗ್ ಫಟ್ಟರ್‌ಮನ್ ಎಂಬ ಅಧ್ಯಾಪಕರು 2000ದಲ್ಲಿ ಪೊಲೀಸ್ ಹೊಣೆಗಾರಿಕೆಗಾಗಿಯೇ ಒಂದು ಕಾನೂನು ನೆರವು ಯೋಜನೆಯನ್ನು ಆರಂಭಿಸಿದರು. ಜೇಮೀ ಕಾಲ್ವೆನ್ ಎಂಬ ಪತ್ರಕರ್ತರೊಡನೆ ಸೇರಿ, ಪೊಲೀಸರ ಮೇಲಿನ ದೂರುಗಳ ಕಡತಗಳು ಸಾರ್ವಜನಿಕ ದಾಖಲೆ ಹೌದೇ ಅಲ್ಲವೇ ಎಂದು ವರ್ಷಗಟ್ಟಲೆ ಹೋರಾಡಿದರು. 2014ರ ಮಾರ್ಚ್‌ನಲ್ಲಿ ಇಲಿನಾಯ್ ರಾಜ್ಯದ ಮೇಲ್ಮನವಿ ನ್ಯಾಯಾಲಯ ಹೌದೆಂದು ತೀರ್ಪು ಕೊಟ್ಟಿತು. ಅದೇ ವರ್ಷ ಅಕ್ಟೋಬರ್ 20ರಂದು ಲಕ್ವಾನ್ ಮೆಕ್‌ಡೊನಾಲ್ಡ್ ಎಂಬ ಹದಿನೇಳರ ಹುಡುಗ ಪೊಲೀಸ್ ಗುಂಡಿಗೆ ಬಲಿಯಾದ. ಚಾಕು ಹಿಡಿದು ಮೇಲೆರಗಿದ್ದರಿಂದ ಗುಂಡು ಹಾರಿಸಬೇಕಾಯಿತು ಎಂಬುದು ಮೊದಲು ಹೊರಬಂದ ಕಥೆ. ಕಾಲ್ವೆನ್ ಮರಣೋತ್ತರ ವರದಿಯನ್ನು ಪಡೆದು 2015ರ ಫೆಬ್ರುವರಿಯಲ್ಲಿ ಪ್ರಕಟಿಸಿದಾಗ ಮೈಮೇಲೆ ಹದಿನಾರು ಗುಂಡುಗಳ ಗಾಯ ಇದ್ದದ್ದು ಬಯಲಾಯಿತು. ಗುಂಡು ಹಾರಿಸಿದ್ದನ್ನು ತೋರಿಸುವ, ಜಗತ್ತು ನೋಡಿದ ಆ ವಿಡಿಯೊ ನ್ಯಾಯಾಲಯದ ಆದೇಶದ ಮೇಲೆ ಹೊರಬಂದದ್ದು ನವೆಂಬರ್‌ನಲ್ಲಿ. 2018ರಲ್ಲಿ, ಗುಂಡು ಹಾರಿಸಿದ ಅಧಿಕಾರಿ ಅಪರಾಧಿ ಎಂದು ತೀರ್ಮಾನವಾಯಿತು. ವಿಡಿಯೊಕ್ಕಿಂತ ತಿಂಗಳುಗಳ ಮುಂಚೆ ಒಂದು ವೈದ್ಯಕೀಯ ಕಾಗದ ಅಧಿಕೃತ ಕಥೆಯನ್ನು ಅಲುಗಾಡಿಸಿತ್ತು. ಅಲ್ಲಿ ಹಿರಿಯ ತರಗತಿಯ ಕಾನೂನು ವಿದ್ಯಾರ್ಥಿಗಳು ವಕೀಲರ ಮೇಲ್ವಿಚಾರಣೆಯಲ್ಲಿ ನ್ಯಾಯಾಲಯದಲ್ಲಿ ಹಾಜರಾಗಲು ನಿಯಮವೇ ಇದೆ.

ನಮ್ಮಲ್ಲಿ ಅಂಥ ನಿಯಮವಿಲ್ಲ. ವಕೀಲರ ಅಧಿನಿಯಮದ 32ನೇ ಪ್ರಕರಣದಡಿ ನ್ಯಾಯಾಲಯ ಒಂದು ನಿರ್ದಿಷ್ಟ ಪ್ರಕರಣಕ್ಕೆ ಸನ್ನದಿಲ್ಲದವರಿಗೂ ಅನುಮತಿ ಕೊಡಬಹುದಾದರೂ ಅದನ್ನು ನೆಚ್ಚಿಕೊಂಡು ಕಾರ್ಯಕ್ರಮ ರೂಪಿಸಲಾಗದು. ಪೂರ್ಣಾವಧಿ ಸಂಬಳದ ಅಧ್ಯಾಪಕರೂ ವಕೀಲಿಕೆ ನಡೆಸುವಂತಿಲ್ಲ. ಆದ್ದರಿಂದ ನಮ್ಮ ಕಾನೂನು ನೆರವು ಕೇಂದ್ರಗಳಿಗೆ ವೃತ್ತಿಯಲ್ಲಿರುವ ಒಬ್ಬ ವಕೀಲರು ಬೇಕೇ ಬೇಕು. ಅದಕ್ಕೆ ಇನ್ನೂ ಗಂಭೀರವಾದ ಕಾರಣವಿದೆ. ಕಕ್ಷಿದಾರ ವಕೀಲರಿಗೆ ಹೇಳಿದ ಗುಟ್ಟನ್ನು ಸಾಕ್ಷ್ಯ ಕಾನೂನು ರಕ್ಷಿಸುತ್ತದೆ. ವಕೀಲರ ಗುಮಾಸ್ತರು, ನೌಕರರು, ದುಭಾಷಿಗಳವರೆಗೂ ಆ ರಕ್ಷಣೆ ಚಾಚುತ್ತದೆ. ವಿದ್ಯಾರ್ಥಿಗಳ ಹೆಸರು ಅಲ್ಲಿ ಇಲ್ಲ. ಪೊಲೀಸರ ಮೇಲೆ ದೂರು ಹೇಳಲು ಬಂದವರು ವಿದ್ಯಾರ್ಥಿಯ ನೋಟ್‌ಬುಕ್ಕಿನಲ್ಲಿ ಬರೆಸಿದ ಮಾತನ್ನು ನಾಳೆ ಯಾರಾದರೂ ತರಿಸಿಕೊಳ್ಳಬಹುದು ಎಂಬ ಎಚ್ಚರ ಮೊದಲ ದಿನದಿಂದ ಇರಬೇಕು. ಟಿಪ್ಪಣಿಗಳು ವಕೀಲರ ಕಡತದಲ್ಲಿರಬೇಕು, ವಿದ್ಯಾರ್ಥಿಯ ಮೊಬೈಲ್‌ನಲ್ಲಲ್ಲ.

ಸಂದರ್ಶನ ಕಲಿಸುವುದು ಈ ಎಲ್ಲದರಲ್ಲಿ ಅತ್ಯಂತ ಸೂಕ್ಷ್ಮವಾದದ್ದು. ಏಟು ತಿಂದು ಬಂದವರನ್ನು ಏಳೆಂಟು ಮಂದಿ ಸುತ್ತುವರಿದು ಕೂತು ‘ಏನಾಯಿತು ಹೇಳಿ’ ಎಂದರೆ ಠಾಣೆಯ ಅನುಭವವೇ ಅವರಿಗೆ ಮರಳಿ ಬಂದಂತೆ. ಇಬ್ಬರಿಗಿಂತ ಹೆಚ್ಚು ವಿದ್ಯಾರ್ಥಿಗಳು ಇರಬಾರದು. ಮಹಿಳೆಯಾದರೆ ವಿದ್ಯಾರ್ಥಿನಿಯರೇ ಇರಬೇಕು. ಮೊದಲ ಭೇಟಿಯಲ್ಲಿ ಅವರು ಹೇಳಿದಷ್ಟನ್ನು ಅವರ ಮಾತಿನಲ್ಲೇ ಬರೆದುಕೊಳ್ಳಬೇಕು. ‘ಲಾಠಿಯಿಂದ ಹೊಡೆದರೇ?’ ಎಂದು ಕೇಳಬಾರದು, ‘ಯಾವುದರಿಂದ?’ ಎಂದು ಕೇಳಬೇಕು. ಕೋಣೆಯಲ್ಲಿ ಏನೇನಿತ್ತು, ಗೋಡೆಯ ಬಣ್ಣ ಯಾವುದು, ಯಾರ ಎದೆಯ ಮೇಲಿನ ಹೆಸರುಪಟ್ಟಿ ಓದಲು ಸಿಕ್ಕಿತು, ಊಟ ಯಾರು ತಂದುಕೊಟ್ಟರು ಎಂಬ ಸಣ್ಣ ಸಣ್ಣ ಪ್ರಶ್ನೆಗಳೇ ಮುಂದೆ ಆಸರೆಯಾಗುತ್ತವೆ. ಆ ದಿನ ತೊಟ್ಟಿದ್ದ ಬಟ್ಟೆಯನ್ನು ಒಗೆಯದೆ, ಪ್ಲಾಸ್ಟಿಕ್ ಚೀಲಕ್ಕೆ ಹಾಕದೆ, ಕಾಗದದ ಲಕೋಟೆಯಲ್ಲಿಡಲು ಹೇಳಬೇಕು. ಗಾಯದ ಚಿತ್ರ ತೆಗೆಯುವಾಗ ಪಕ್ಕದಲ್ಲಿ ಅಳತೆಪಟ್ಟಿ ಇಡಬೇಕು. ಒಂದು ಹತ್ತಿರದಿಂದ, ಒಂದು ದೂರದಿಂದ ತೆಗೆಯಬೇಕು. ಬಾಸುಂಡೆಯ ಬಣ್ಣ ದಿನದಿಂದ ದಿನಕ್ಕೆ ಬದಲಾಗುವುದರಿಂದ ಮರುದಿನವೂ ತೆಗೆಯಬೇಕು. ಪರಿಹಾರ ಸಿಗುತ್ತದೆ, ಅವರನ್ನು ಕೆಲಸದಿಂದ ತೆಗೆಸುತ್ತೇವೆ ಎಂಬ ಭರವಸೆಯನ್ನು ಬಾಯಿತಪ್ಪಿಯೂ ಕೊಡಬಾರದು. ದೂರು ಕೊಡಬೇಕೋ ಬೇಡವೋ ಎಂಬ ತೀರ್ಮಾನ ಆ ವ್ಯಕ್ತಿಯದು. ಅವರು ಅದೇ ಊರಿನಲ್ಲಿ, ಅದೇ ಠಾಣೆಯ ಸರಹದ್ದಿನಲ್ಲಿ ಬದುಕಬೇಕಾದವರು. ನಮ್ಮ ವಿದ್ಯಾರ್ಥಿಗಳು ಪರೀಕ್ಷೆ ಮುಗಿಸಿ ಹೋಗುವವರು. ಘಟನೆಯನ್ನು ಸಾಮಾಜಿಕ ಜಾಲತಾಣದಲ್ಲಿ ಹಾಕುವ ಆತುರ ಇಂದಿನ ಉತ್ಸಾಹಿ ಯುವಕರಲ್ಲಿ ಸಹಜ, ಆದರೆ ಈ ಕೆಲಸದಲ್ಲಿ ಅದು ಕ್ಷಮಿಸಲಾಗದ ತಪ್ಪು.

ಇನ್ನು ದೂರನ್ನು ಎಲ್ಲಿಗೆ ಒಯ್ಯಬೇಕು? ಪ್ರಕಾಶ್ ಸಿಂಗ್ ಪ್ರಕರಣದಲ್ಲಿ 2006ರ ಸೆಪ್ಟೆಂಬರ್ 22ರಂದು ಸುಪ್ರೀಂ ಕೋರ್ಟು ರಾಜ್ಯಮಟ್ಟದಲ್ಲಿ ಮತ್ತು ಜಿಲ್ಲಾಮಟ್ಟದಲ್ಲಿ ಪೊಲೀಸ್ ದೂರು ಪ್ರಾಧಿಕಾರಗಳನ್ನು ಸ್ಥಾಪಿಸಲು ಆದೇಶಿಸಿತು. ಡಿವೈಎಸ್‌ಪಿ ಮಟ್ಟದವರೆಗಿನವರ ಮೇಲಿನ ದೂರು ಜಿಲ್ಲೆಗೆ, ಎಸ್‌ಪಿ ಮತ್ತು ಅವರಿಗಿಂತ ಮೇಲಿನವರದು ರಾಜ್ಯಕ್ಕೆ. ಕಸ್ಟಡಿಯಲ್ಲಿ ಸಾವು, ತೀವ್ರ ಗಾಯ, ಅತ್ಯಾಚಾರದಂಥ ಗಂಭೀರ ದುರ್ನಡತೆ ರಾಜ್ಯ ಪ್ರಾಧಿಕಾರದ ವ್ಯಾಪ್ತಿ. ಜಿಲ್ಲೆಯಲ್ಲಿ ಇವುಗಳ ಜೊತೆಗೆ ಸುಲಿಗೆ, ಜಮೀನು ಅಥವಾ ಮನೆ ಕಬಳಿಕೆ, ಅಧಿಕಾರದ ಗಂಭೀರ ದುರುಪಯೋಗವೂ ಸೇರುತ್ತದೆ. ಕರ್ನಾಟಕದಲ್ಲಿ 1963ರ ಪೊಲೀಸ್ ಅಧಿನಿಯಮಕ್ಕೆ 2012ರಲ್ಲಿ ತಿದ್ದುಪಡಿ ತಂದು ಪ್ರಾಧಿಕಾರಗಳಿಗೆ ಅವಕಾಶ ಮಾಡಲಾಯಿತು. ನಿಮ್ಮ ಜಿಲ್ಲೆಯ ಪ್ರಾಧಿಕಾರದ ಕಚೇರಿ ಎಲ್ಲಿದೆ, ಅಲ್ಲಿ ದೂರು ಸ್ವೀಕರಿಸುವವರು ಯಾರು ಎಂದು ಕಂಡುಹಿಡಿದು ಬನ್ನಿ ಎಂಬುದನ್ನೇ ವಿದ್ಯಾರ್ಥಿಗಳಿಗೆ ಮೊದಲ ಮನೆಗೆಲಸವಾಗಿ ಕೊಡಬಹುದು. ಅದರ ಫಲಿತಾಂಶವೇ ಒಂದು ಪಾಠ.

ಮಾನವ ಹಕ್ಕುಗಳ ಆಯೋಗಕ್ಕೆ ಹೋಗುವುದಾದರೆ ಘಟನೆ ನಡೆದು ಒಂದು ವರ್ಷ ದಾಟಿರಬಾರದು. 1993ರ ಅಧಿನಿಯಮದ 36(2)ನೇ ಪ್ರಕರಣ ಹಾಗೆ ಹೇಳುತ್ತದೆ. ಅಂತಿಮ ವರ್ಷದ ವಿದ್ಯಾರ್ಥಿಗಳಿಗೂ ಈ ಗಡುವು ಗೊತ್ತಿರುವುದಿಲ್ಲ. ಎಫ್‌ಐಆರ್ ದಾಖಲಿಸದಿದ್ದರೆ ಮೊದಲು ಎಸ್‌ಪಿಯವರಿಗೆ ಲಿಖಿತವಾಗಿ, ಆನಂತರ ಪ್ರಮಾಣಪತ್ರದೊಂದಿಗೆ ಮ್ಯಾಜಿಸ್ಟ್ರೇಟರಿಗೆ. ಪರಿಶಿಷ್ಟ ಜಾತಿ, ಪಂಗಡದವರ ದೂರನ್ನು ನಿರ್ಲಕ್ಷಿಸಿದ ಅಧಿಕಾರಿಗೆ ದೌರ್ಜನ್ಯ ತಡೆ ಕಾಯಿದೆಯ 4ನೇ ಪ್ರಕರಣವಿದೆ. ಕಸ್ಟಡಿ ಸಾವಿಗೆ ಸುರಕ್ಷಾ ಸಂಹಿತೆಯ 196ನೇ ಪ್ರಕರಣದಡಿ ಮ್ಯಾಜಿಸ್ಟ್ರೇಟ್ ವಿಚಾರಣೆ. ಪೊಲೀಸರ ಮೇಲೆ ಮೊಕದ್ದಮೆ ಹೂಡಲು ಸರ್ಕಾರದ ಪೂರ್ವಾನುಮತಿ ಬೇಕೇ ಎಂಬ ಪ್ರಶ್ನೆ ನಮ್ಮ ರಾಜ್ಯದಲ್ಲಿ ಪೊಲೀಸ್ ಅಧಿನಿಯಮದ 170ನೇ ಪ್ರಕರಣದಿಂದಾಗಿ ಇನ್ನಷ್ಟು ಜಟಿಲ. 2020ರಲ್ಲಿ ಡಿ. ದೇವರಾಜ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಅಧಿಕಾರದ ಮೇರೆ ಮೀರಿದ್ದರೂ ಕೃತ್ಯಕ್ಕೂ ಕರ್ತವ್ಯಕ್ಕೂ ಸಮಂಜಸವಾದ ಸಂಬಂಧವಿದ್ದರೆ ಅನುಮತಿ ಬೇಕು ಎಂದಿತು. ಕರ್ನಾಟಕದ ಪ್ರತಿ ವಿದ್ಯಾರ್ಥಿಯೂ ಆ ತೀರ್ಪನ್ನು ಪೂರ್ತಿ ಓದಬೇಕು.

ಸಿಸಿಟಿವಿಯ ವಿಷಯದಲ್ಲಿ ವೇಗ ಮುಖ್ಯ. 2020ರ ಡಿಸೆಂಬರ್ 2ರ ಪರಮವೀರ್ ಸಿಂಗ್ ಸೈನಿ ತೀರ್ಪಿನಂತೆ ಠಾಣೆಯ ದ್ವಾರ, ಲಾಕಪ್, ಪಡಸಾಲೆ, ಇನ್‌ಸ್ಪೆಕ್ಟರ್ ಕೊಠಡಿ, ಹಿಂಭಾಗ ಎಲ್ಲ ಕಡೆ ಕ್ಯಾಮೆರಾ ಇರಬೇಕು, ಧ್ವನಿಯೂ ದಾಖಲಾಗಬೇಕು, ದೃಶ್ಯವನ್ನು ಹದಿನೆಂಟು ತಿಂಗಳು, ಸಾಧ್ಯವಾಗದಿದ್ದರೆ ಕನಿಷ್ಠ ಒಂದು ವರ್ಷ ಕಾಪಾಡಬೇಕು. ಹೀಗಿದ್ದರೂ ದೃಶ್ಯವನ್ನು ಅಳಿಸದೆ ಉಳಿಸಿ ಎಂಬ ಪತ್ರ ಮೊದಲ ದಿನವೇ ಹೋಗಬೇಕು. ಆ ಮೇಲೆ ಮಾಹಿತಿ ಹಕ್ಕಿನ ಅರ್ಜಿ. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, ಸಾಮಾನ್ಯವಾಗಿ 150 ಪದಗಳ ಮಿತಿ. ವ್ಯಕ್ತಿಯ ಪ್ರಾಣ ಅಥವಾ ಸ್ವಾತಂತ್ರ್ಯಕ್ಕೆ ಸಂಬಂಧಿಸಿದ್ದಾದರೆ ಮೂವತ್ತು ದಿನ ಕಾಯಬೇಕಿಲ್ಲ, ನಲವತ್ತೆಂಟು ಗಂಟೆಯಲ್ಲಿ ಉತ್ತರ ಕೊಡಬೇಕು. ತನಿಖೆಗೆ ಅಡ್ಡಿಯಾಗುತ್ತದೆ ಎಂಬ ಒಂದೇ ಸಾಲಿನ ನಿರಾಕರಣೆ ಬಂದರೆ ಮೊದಲ ಮೇಲ್ಮನವಿ ಬರೆಯುವುದನ್ನೂ ಅಭ್ಯಾಸ ಮಾಡಿಸಿ. 150 ಪದಗಳಲ್ಲಿ ನಿಖರವಾಗಿ ಕೇಳಲು ಕಲಿತವರು ಮುಂದೆ ಯಾವ ಅರ್ಜಿಯನ್ನಾದರೂ ಬರೆಯಬಲ್ಲರು.

ಇದನ್ನೆಲ್ಲ ಕೇಳುವ ಪೊಲೀಸ್ ಮಿತ್ರರು ಈ ಸಭೆಯಲ್ಲಿದ್ದರೆ ಬೇಸರಿಸಬಾರದು ಎಂದು ಪ್ರಾಮಾಣಿಕವಾಗಿ ಕೋರುತ್ತೇನೆ. ನಮ್ಮ ವಿದ್ಯಾರ್ಥಿಗಳಲ್ಲಿ ಎಷ್ಟೋ ಮಂದಿ ಕಾನ್‌ಸ್ಟೇಬಲ್‌ಗಳ ಮಕ್ಕಳು. ಸಂಘ ಕಟ್ಟುವ ಹಕ್ಕನ್ನು 1966ರ ಕಾಯಿದೆ ಪೊಲೀಸರಿಗೆ ಬಹುಮಟ್ಟಿಗೆ ನಿರ್ಬಂಧಿಸಿದೆ. ವಾರದ ರಜೆಗೂ, ಸಂಬಳದ ತಾರತಮ್ಯ ನಿವಾರಣೆಗೂ ಅವರು ವರ್ಷಗಟ್ಟಲೆ ಕಾದಿದ್ದಾರೆ. ಪೊಲೀಸರ ಸಂಬಳದ ಕುರಿತ ಔರಾದ್ಕರ್ ವರದಿಯ ಹೆಸರನ್ನು ಪ್ರತಿ ಪೊಲೀಸ್ ಕುಟುಂಬವೂ ಬಲ್ಲದು. ಹೊಡೆ ಎಂದವರು ಮೇಲಿದ್ದು, ಹೊಡೆದ ಕಾನ್‌ಸ್ಟೇಬಲ್ ಒಬ್ಬನೇ ಅಮಾನತಾಗುವ ಹೊಣೆಗಾರಿಕೆ ಹೊಣೆಗಾರಿಕೆಯೇ ಅಲ್ಲ. ಆದ್ದರಿಂದ ಪ್ರತಿ ಕಡತದಲ್ಲೂ ಆದೇಶ ಕೊಟ್ಟವರು ಯಾರು, ಆ ರಾತ್ರಿ ಠಾಣಾಧಿಕಾರಿ ಯಾರು, ಮೇಲ್ವಿಚಾರಣೆಯ ಅಧಿಕಾರಿ ಠಾಣೆಗೆ ಭೇಟಿ ಕೊಟ್ಟದ್ದು ಯಾವಾಗ ಎಂಬ ಪ್ರಶ್ನೆಗಳನ್ನು ವಿದ್ಯಾರ್ಥಿಗಳು ಕಡ್ಡಾಯವಾಗಿ ಬರೆಯಬೇಕು. ನಿವೃತ್ತ ಠಾಣಾಧಿಕಾರಿಯೊಬ್ಬರನ್ನು ತರಗತಿಗೆ ಕರೆದು ಠಾಣಾ ದಿನಚರಿ ಹೇಗೆ ಬರೆಯುತ್ತಾರೆ ಎಂದು ಹೇಳಿಸಿದರೆ ಅದಕ್ಕಿಂತ ಒಳ್ಳೆಯ ಪಾಠ ಇನ್ನೊಂದಿಲ್ಲ.

2023ರ ನವೆಂಬರ್ ಕೊನೆಯಲ್ಲಿ ಚಿಕ್ಕಮಗಳೂರಿನ ಠಾಣೆಯೊಂದರಲ್ಲಿ ಯುವ ವಕೀಲರ ಮೇಲೆ ಹಲ್ಲೆಯಾದ ಆರೋಪ ಬಂದಾಗ ರಾಜ್ಯದ ವಕೀಲರೆಲ್ಲ ಬೀದಿಗಿಳಿದರು, ಪೊಲೀಸರ ಅಮಾನತಾಯಿತು, ಹೈಕೋರ್ಟ್ ಸ್ವಯಂಪ್ರೇರಿತವಾಗಿ ವಿಷಯವನ್ನು ಕೈಗೆತ್ತಿಕೊಂಡಿತು, ಡಿಸೆಂಬರ್‌ನ ಬೆಳಗಾವಿ ಅಧಿವೇಶನದಲ್ಲಿ ವಕೀಲರ ರಕ್ಷಣೆಗೆ ಮಸೂದೆಯೇ ಅಂಗೀಕಾರವಾಯಿತು. ಆ ಒಗ್ಗಟ್ಟು ಸರಿಯಾದದ್ದೇ. ಕಪ್ಪು ಕೋಟಿಲ್ಲದವರಿಗೆ, ಹಿಂದೆ ಸಂಘವಿಲ್ಲದವರಿಗೆ ಅದೇ ಆದಾಗ ಅಷ್ಟು ಬೇಗ ಯಾರೂ ಏಳುವುದಿಲ್ಲ ಎಂಬುದನ್ನು ನೆನಪಿಡಲು ಇದನ್ನು ಹೇಳಿದೆ.

ಕೊನೆಯದಾಗಿ, ಈ ಕಾರ್ಯಕ್ರಮಗಳು ಸೊರಗುವುದು ಕಾಳಜಿಯ ಕೊರತೆಯಿಂದಲ್ಲ, ಸೆಮಿಸ್ಟರ್ ಮುಗಿಯುವುದರಿಂದ. ದೂರು ನಾಲ್ಕು ವರ್ಷ ನಡೆಯುತ್ತದೆ, ವಿದ್ಯಾರ್ಥಿ ನಾಲ್ಕು ತಿಂಗಳಿರುತ್ತಾನೆ. ಪರೀಕ್ಷೆಯ ರಜೆಯಲ್ಲಿ ಆಯೋಗದಿಂದ ನೋಟಿಸ್ ಬಂದು, ಉತ್ತರಿಸುವವರಿಲ್ಲದೆ ದೂರು ಮುಕ್ತಾಯವಾದರೆ, ಆ ಕುಟುಂಬ ಇನ್ನೊಮ್ಮೆ ಯಾರನ್ನೂ ನಂಬುವುದಿಲ್ಲ. ಅದಕ್ಕೆ ಪ್ರತಿ ಕಡತದ ಮೇಲ್ಭಾಗದಲ್ಲಿ ಒಂದು ಹಸ್ತಾಂತರ ಪುಟ ಇರಲಿ: ಮುಂದಿನ ದಿನಾಂಕ, ಗಡುವು ಯಾವುದು, ಯಾವ ದಾಖಲೆ ಇನ್ನೂ ಬಂದಿಲ್ಲ, ಕುಟುಂಬದವರ ಜೊತೆ ಕೊನೆಯ ಬಾರಿ ಮಾತಾಡಿದ್ದು ಯಾವಾಗ, ಅವರಿಗೆ ಫೋನ್ ಮಾಡಲು ಅನುಕೂಲದ ಹೊತ್ತು ಯಾವುದು. ಬಿಟ್ಟು ಹೋಗುವ ವಿದ್ಯಾರ್ಥಿ ಹೊಸಬರನ್ನು ಕುಟುಂಬಕ್ಕೆ ಮುಖತಃ ಪರಿಚಯಿಸಿದ ಮೇಲೆಯೇ ಅವರ ಅಂಕ ನಮೂದಾಗಲಿ. ಅಂಕಗಳೂ ಗೆದ್ದ ದೂರಿಗೆ ಬೇಡ; ವೇಳೆಯ ಪಟ್ಟಿ ಎಷ್ಟು ನಿಖರ, ವಿರುದ್ಧ ವಿವರಣೆಗಳನ್ನು ಎಷ್ಟು ಪ್ರಾಮಾಣಿಕವಾಗಿ ಬರೆದಿದ್ದಾರೆ, ಹಸ್ತಾಂತರ ಪುಟ ಓದಿ ಹೊಸಬರು ಮರುದಿನವೇ ಕೆಲಸ ಶುರು ಮಾಡಬಹುದೇ ಎಂಬುದಕ್ಕೆ ಕೊಡಿ. ರಜೆಯ ಎರಡು ತಿಂಗಳು ಕಡತಗಳ ಜವಾಬ್ದಾರಿ ಮೇಲ್ವಿಚಾರಕ ವಕೀಲರದು ಮತ್ತು ಅಧ್ಯಾಪಕರದು ಎಂದು ಕಾಲೇಜಿನ ಆಡಳಿತ ಮಂಡಳಿ ಬರವಣಿಗೆಯಲ್ಲಿ ಒಪ್ಪಿಕೊಳ್ಳುವವರೆಗೆ ಮೊದಲ ದೂರುದಾರರನ್ನು ಒಳಗೆ ಕರೆಯಬೇಡಿ.